ಹಸಿರು ಲಕೋಟೆಯಲ್ಲಿ ಏನಿತ್ತು, ಮಾನ್ಯರೇ?

ನಮ್ಮ ಕ್ಷೇತ್ರದ ಮಾನ್ಯ ಸಂಸತ್ ಸದಸ್ಯರೇ,

ಹಬ್ಬ ಕಳೆದ ಎರಡನೇ ಭಾನುವಾರ ಪೆಟಾಲಿಂಗ್ ಜಯಾದ ನಮ್ಮ ಮನೆಗೆ ಬಂದು ನೀವು ಮೂರು ಸಲ ಬಡಿಸಿಕೊಂಡು ಉಂಡಿರಿ. ಅದಾಗಿ ಹನ್ನೊಂದನೇ ದಿನ ಆ ಅಡುಗೆ ಮಾಡಿದವನ ಕೈಗೆ ಬೇಡಿ ಬಿತ್ತು. ಅವನ ಬಾಗಿಲಿಗೆ ದಾರಿ ತೋರಿಸಿದ ಕಾಗದ ನಿಮ್ಮ ಬಳಿ ಇತ್ತು. ಕೊಟ್ಟವಳು ನಾನೇ. ಅಂಥ ಕಾಗದವೇ ಬಂದಿಲ್ಲ ಎಂದು ನಿಮ್ಮ ಕಚೇರಿ ಈಗ ಹೇಳುತ್ತಿದೆ. ನನ್ನ ದೂರು ಇಷ್ಟೇ. ಉಳಿದದ್ದು ವಿವರ.

ಇದನ್ನೇ ನನ್ನ ಮೊಮ್ಮಗಳು ಇಲ್ಮಾ ಮಲಯ ಭಾಷೆಯಲ್ಲಿ ಬರೆದು ನಿಮ್ಮ ಕಚೇರಿಗೆ ಎರಡು ಸಲ ಕಳಿಸಿದಳು. ಉತ್ತರವಿಲ್ಲ. ಆದ್ದರಿಂದ ನಮ್ಮ ಕನ್ನಡ ಬಳಗದ ಪತ್ರಿಕೆಯಲ್ಲಿ ಕನ್ನಡದಲ್ಲೇ ಅಚ್ಚು ಹಾಕಿಸುತ್ತಿದ್ದೇನೆ. ನಿಮಗೆ ಕನ್ನಡ ಬಾರದು, ಬಲ್ಲೆ. ಬರುವ ಭಾಷೆಯಲ್ಲಿ ಕಳಿಸಿದ್ದನ್ನೂ ನೀವು ಓದದೆ ಇದ್ದುದರಿಂದ ಹೆಚ್ಚಿನ ನಷ್ಟವೇನೂ ಆಗದು. ಓದಬೇಕಾದವರು ಇಲ್ಲಿ ಬೇರೆಯೂ ಇದ್ದಾರೆ. ಸಂಸತ್ತಿನಲ್ಲಿ ನೀವು ಮಾಡಿದ ಭಾಷಣವನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಂಡು ಹೆಬ್ಬೆರಳು ಎತ್ತಿದ ನಮ್ಮವರು ಅವರು.

ನನ್ನ ಪರಿಚಯ ನಿಮಗೆ ಮರೆತಿರಬಹುದು. ನಾನು ಫಹ್ಮೀದಾ, ವಯಸ್ಸು ಅರವತ್ತೊಂಬತ್ತು. ಶಿರಾದ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದೆ. ಆಮೇಲೆ ಕಲಿತದ್ದು ಡಬ್ಬಿಗಳ ಮೇಲಿನ ಲೇಬಲ್ಲಿನಿಂದ, ಬಸ್ಸಿನ ಬೋರ್ಡಿನಿಂದ, ಸರ್ಕಾರದ ಫಾರಮುಗಳಿಂದ. ನನ್ನ ಯಜಮಾನರು ದಾವೂದ್ ಇಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಮೂವತ್ತನಾಲ್ಕು ವರ್ಷದಿಂದ ಈ ಊರಲ್ಲಿದ್ದೇವೆ. ನಮ್ಮಿಬ್ಬರದೂ ಕೆಂಪು ಗುರುತಿನ ಚೀಟಿ. ಸಾಯುವ ತನಕ ಇರಬಹುದು, ವೋಟು ಹಾಕುವಂತಿಲ್ಲ. ನಿಮ್ಮ ಲೆಕ್ಕದಲ್ಲಿ ನಾನಿಲ್ಲ, ನನ್ನ ಬಿರಿಯಾನಿ ಮಾತ್ರ ಇದೆ. ಶಿರಾದಲ್ಲಿರುವ ತಂಗಿ ತಸ್ನೀಮಳಿಗೆ ತಿಂಗಳಿಗೊಂದು ಕಾಗದ ಬರೆಯುವ ಅಭ್ಯಾಸ ನನಗೆ. ಅದೇ ಕೈಯಲ್ಲಿ ನಿಮಗೂ ಬರೆಯುತ್ತಿದ್ದೇನೆ. ಕೋಪ ಬಂದರೆ ಅವಳೂ ಉತ್ತರ ಬರೆಯುವುದಿಲ್ಲ. ಆದರೆ ನನ್ನ ಕಾಗದ ಓದಿ ಅವಳು ಯಾರ ಮನೆಗೂ ಪೊಲೀಸರನ್ನು ಕಳಿಸಿದ್ದಿಲ್ಲ.

ಈ ದೇಶದ ಒಂದು ಪದ್ಧತಿ ನನಗೆ ಬಹಳ ಇಷ್ಟ. ಉಪವಾಸ ಮುಗಿದ ಹಬ್ಬದ ತಿಂಗಳಲ್ಲಿ ಬಾಗಿಲು ತೆರೆದಿಟ್ಟು ಯಾರು ಬಂದರೂ ಉಣಿಸುವುದು. ಓಪನ್ ಹೌಸ್ ಎನ್ನುತ್ತಾರೆ. ನಮ್ಮ ಮನೆಗೆ ಬಳಗದವರೆಲ್ಲ ಬರುತ್ತಾರೆ, ಸಸ್ಯಾಹಾರಿಗಳೂ ಬರುತ್ತಾರೆ. ಅವರಿಗಾಗಿ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಆ ಒಲೆಯ ಮುಂದೆ ಏಳು ವರ್ಷದಿಂದ ನಿಲ್ಲುತ್ತಿದ್ದವನು ಯಜ್ಞನಾರಾಯಣ. ಉಡುಪಿ ಕಡೆಯವನು, ಐವತ್ತಮೂರು ವರ್ಷ. ಬ್ರಿಕ್‌ಫೀಲ್ಡ್ಸ್‌ನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಒಂಬತ್ತು ವರ್ಷ ದುಡಿದ ಅಡುಗೆಯವನು. ನಾವೆಲ್ಲ ಅವನನ್ನು ಕರೆಯುವುದು ಭಟ್ರೇ ಎಂದು. ನೀವು ಅಂದು ಮೂರು ಸಲ ಹಾಕಿಸಿಕೊಂಡಿರಲ್ಲ, ಬೂದುಗುಂಬಳದ ಕಾಶಿಹಲ್ವ, ಅದು ಅವನದು. "ಆಂಟಿ, ಸೆಡಾಪ್ ಲಾ!" ಎಂದು ನೀವು ಬಾಯಿ ಚಪ್ಪರಿಸಿದಿರಿ. ನಿಮ್ಮ ಸಹಾಯಕರು ಎರಡು ಡಬ್ಬಿ ತಾಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡರು. ಸಂತೋಷ. ತಿಂದವರನ್ನು ಆಡಿಕೊಳ್ಳಬಾರದು ಎಂದು ನನ್ನ ತಾಯಿ ಹೇಳುತ್ತಿದ್ದರು. ತಿಂದ ಮೇಲೆ ಬಡಿಸಿದವನನ್ನು ಹಿಡಿಸಿಕೊಟ್ಟವರ ವಿಷಯ ಅವರು ಏನೂ ಹೇಳಿಲ್ಲ. ಅಂಥವರನ್ನು ಅವರು ಕಂಡಿರಲಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ಹಬ್ಬಕ್ಕೆ ನಾಲ್ಕು ತಿಂಗಳ ಹಿಂದೆ ಆ ಹೋಟೆಲು ಮಾರಾಟವಾಯಿತು. ಹಳೆಯ ಮಾಲೀಕ ಯಜ್ಞನಾರಾಯಣನ ಪಾಸ್‌ಪೋರ್ಟನ್ನು ಪರವಾನಗಿ ನವೀಕರಣಕ್ಕೆಂದು ಒಬ್ಬ ಏಜೆಂಟನ ಕೈಗೆ ಕೊಟ್ಟಿದ್ದ. ಮಾಲೀಕ ಊರು ಬಿಟ್ಟ, ಏಜೆಂಟನ ಫೋನು ಸತ್ತಿತು, ಪರವಾನಗಿಯ ದಿನ ಮುಗಿಯಿತು. ಹೀಗೆ ಒಂಬತ್ತು ವರ್ಷ ಕಾನೂನಿನ ಪ್ರಕಾರ ಇದ್ದವನು ಒಂದು ಬೆಳಗ್ಗೆ ಎದ್ದಾಗ ಅಪರಾಧಿಯಾಗಿದ್ದ. ಅವನೇನೂ ಅಡಗಿ ಕೂರಲು ಬಯಸಲಿಲ್ಲ. ತಾನಾಗಿ ವಲಸೆ ಇಲಾಖೆಯ ಕಚೇರಿಗೆ ಹೋಗಿ ಒಪ್ಪಿಕೊಂಡವನಿಗೆ ದಂಡ ಹಾಕಿ ಊರಿಗೆ ಕಳಿಸುತ್ತಾರೆ, ಮತ್ತೆ ಬರಬಹುದು. ಸಿಕ್ಕಿಬಿದ್ದವನಿಗೆ ಜೈಲು, ಕಪ್ಪುಪಟ್ಟಿ, ಮತ್ತೆ ಬರುವ ಮಾತೇ ಇಲ್ಲ ಎಂದು ವಕೀಲರೊಬ್ಬರು ಹೇಳಿದ್ದರು. ಹೊಸ ಹೋಟೆಲಿನವರೊಬ್ಬರು ಸರಿಯಾದ ಪರವಾನಗಿಯಲ್ಲಿ ಅವನನ್ನು ಕರೆಸಿಕೊಳ್ಳಲು ಒಪ್ಪಿಯೂ ಇದ್ದರು. ಆದರೆ ಪಾಸ್‌ಪೋರ್ಟೇ ಇಲ್ಲದೆ ಬರಿಗೈಯಲ್ಲಿ ಹೋದರೆ ಒಪ್ಪಿಕೊಂಡವ ಎನ್ನುತ್ತಾರೋ, ಸಿಕ್ಕಿಬಿದ್ದವ ಎನ್ನುತ್ತಾರೋ? ಆ ಹೆದರಿಕೆಯಲ್ಲಿ ಅವನು ದಿನ ತಳ್ಳುತ್ತಿದ್ದ.

ನಮ್ಮ ಕಡೆಯವರಿಗೊಂದು ರೋಗವಿದೆ ಮಾನ್ಯರೇ, ಮನವಿ ಪತ್ರ ಕೊಡುವ ರೋಗ. ಊರಿಗೆ ಶಾಸಕರು ಬಂದರೆ ಹಾರ ಹಾಕುವ ಕೈಯಲ್ಲೇ ಒಂದು ಅರ್ಜಿಯನ್ನೂ ತುರುಕುತ್ತೇವೆ. ನೀವು ಬರುತ್ತೀರಿ ಎಂದು ಗೊತ್ತಾದಾಗ ದಾವೂದ್ ಕುರ್ಚಿಯಿಂದ ಎದ್ದೇ ನಿಂತರು.

"ಏ ಫಹ್ಮೀದಾ, ನಮ್ಮೂರಲ್ಲಿ ಬೋರ್‌ವೆಲ್ಲು, ರೇಷನ್ ಕಾರ್ಡು, ಸ್ಕೂಲಿನ ಹೆಂಚು, ಅರ್ಜಿ ಇಲ್ದೆ ಯಾವ್ದು ಬಂದಿದೆ ಹೇಳು? ಬರಿ, ಬರಿ. ವಿವರವಾಗಿ ಬರಿ. ಅಡ್ರೆಸ್ ಇಲ್ದಿರೋ ಅರ್ಜಿನ ಯಾರೂ ಮೂಸೋದಿಲ್ಲ."

ಯಜ್ಞನಾರಾಯಣ ಕೊಬ್ಬರಿ ತುರಿಯುತ್ತಿದ್ದವನು ತಲೆ ಎತ್ತಿದ. "ಅವರಿಗೆಲ್ಲ ಎಂತಕ್ಕೆ ಹೇಳುದು ಅಮ್ಮ? ದೊಡ್ಡವರ ಹತ್ರ ನಮ್ಮ ಹೆಸರು ಇಲ್ಲದಿದ್ರೇ ಒಳ್ಳೇದು ಮಾರಾಯ್ರೆ."

ನಾನು ನಕ್ಕುಬಿಟ್ಟೆ. ಎಷ್ಟು ಬುದ್ಧಿವಂತ ಮಾತನ್ನು ನಕ್ಕು ಹಾರಿಸಿದೆ ಎಂಬುದು ಈಗ ದಿನಕ್ಕೆ ಐದು ಸಲ ನೆನಪಾಗುತ್ತದೆ, ನಮಾಜಿಗೆ ಕೂತಾಗಲೂ.

ಅವನಿಗೆ ಹೇಳದೆಯೇ ಎರಡು ಪುಟ ಬರೆದೆ. ಇಲ್ಮಾ ಕಾಲೇಜಿಗೆ ಹೋಗಿದ್ದಳು, ಆದ್ದರಿಂದ ನನ್ನ ಹರಕು ಮಲಯದಲ್ಲೇ ಬರೆದೆ. ಹೆಸರು: ಯಜ್ಞನಾರಾಯಣ ಭಟ್. ಇವನು ತಾನಾಗಿ ಇಲಾಖೆಯ ಮುಂದೆ ಹಾಜರಾಗಲು ಸಿದ್ಧನಿದ್ದಾನೆ, ತಾವು ದಯವಿಟ್ಟು ಒಂದು ದಿನ ಗೊತ್ತುಮಾಡಿಸಿಕೊಡಬೇಕು. ವಾಸ: ಬ್ರಿಕ್‌ಫೀಲ್ಡ್ಸ್‌ನಲ್ಲಿ ಜೀವನ್ ಎಂಬವರ ಸೀರೆ ಅಂಗಡಿಯ ಮೇಲೆ, ಮೂರನೇ ಮಹಡಿ. ಬಾಗಿಲಿಗೆ ನಂಬರಿಲ್ಲ, ಪಕ್ಕದಲ್ಲಿ ನೀಲಿ ನೀರಿನ ಡ್ರಮ್ ಇದೆ. ಬೆಳಗ್ಗೆ ಏಳರ ಒಳಗೆ ಬಂದರೆ ಸಿಗುತ್ತಾನೆ. ಇಷ್ಟು ಚೆನ್ನಾಗಿ ವಿಳಾಸವನ್ನು ನಾನು ನನ್ನ ಅಳಿಯನಿಗೂ ಬರೆದುಕೊಟ್ಟಿರಲಿಲ್ಲ.

ಲಕೋಟೆ ಹುಡುಕಿದೆ. ಬಿಳಿಯದು ಮುಗಿದಿತ್ತು. ಹಬ್ಬದಲ್ಲಿ ಮಕ್ಕಳಿಗೆ ದುಡ್ಡು ಹಾಕಿಕೊಡುವ ಹಸಿರು ಲಕೋಟೆಗಳು ಮೇಜಿನ ಮೇಲೆ ರಾಶಿ ಇದ್ದವು. ಸ್ವಲ್ಪ ದೊಡ್ಡದೊಂದನ್ನು ಆರಿಸಿ ಕಾಗದ ಮಡಚಿ ಅದರೊಳಗೆ ಹಾಕಿದೆ. ನೀವು ಹೊರಡುವಾಗ ಎರಡು ಕೈಯಲ್ಲಿ ಕೊಟ್ಟು, "ಒಬ್ಬ ಬಡವನ ವಿಷಯ, ಓದಬೇಕು" ಎಂದೆ. ಫೋಟೋ ತೆಗೆದರು. ಊರಿನಲ್ಲಾದರೆ ನಕಲು ಪ್ರತಿಯ ಮೇಲೆ ಸೀಲು ಒತ್ತಿಸಿಕೊಳ್ಳದೆ ಅರ್ಜಿ ಕೊಡುವವಳಲ್ಲ ನಾನು. ಆದರೆ ಮನೆಗೆ ಬಂದು ಉಂಡ ಅತಿಥಿಯ ಹತ್ತಿರ ಸೀಲು ಕೇಳುವುದು ಹೇಗೆ? ನಾಚಿಕೆಯಾಯಿತು. ಆ ನಾಚಿಕೆಗೆ ಇನ್ನೊಬ್ಬ ಬೆಲೆ ತೆರುತ್ತಿದ್ದಾನೆ.

ಅದಾದ ಒಂಬತ್ತನೇ ದಿನ ನೀವು ಸಂಸತ್ತಿನಲ್ಲಿ ಎದ್ದು ನಿಂತಿರಿ. ಇಡೀ ಭಾಷಣ ಕೇಳಿದ್ದೇನೆ, ಇಲ್ಮಾ ಅರ್ಥ ಹೇಳಿದಳು. ನೀವು ಹೇಳಿದ್ದು: ಪರವಾನಗಿ ಇಲ್ಲದವರೆಲ್ಲ ಕಳ್ಳರು, ಕರುಣೆ ಎಂಬುದು ದೌರ್ಬಲ್ಯ. ನಮ್ಮ ಪೆಟ್ರೋಲು, ನಮ್ಮ ಅಡುಗೆ ಅನಿಲ, ನಮ್ಮ ವಿದ್ಯುತ್ತಿನ ಸಬ್ಸಿಡಿಯನ್ನು ಹೊರಗಿನವರು ನುಂಗುತ್ತಿದ್ದಾರೆ. ದೊಡ್ಡ ಶ್ರೀಮಂತರ ಮೇಲೆ ತೆರಿಗೆ ಏರಿಸಿದರೆ ಬಂಡವಾಳ ಓಡಿಹೋಗುತ್ತದೆ, ಸಣ್ಣಪುಟ್ಟ ಸೇವಾ ತೆರಿಗೆಯನ್ನು ಮಾತ್ರ ಪ್ರತಿಯೊಬ್ಬರೂ ದೇಶಪ್ರೇಮದಿಂದ ಹೊರಬೇಕು. ಆಹಾ. ಕಾಶಿಹಲ್ವ ಇನ್ನೂ ಹೊಟ್ಟೆಯಲ್ಲಿ ಕರಗಿತ್ತೋ ಇಲ್ಲವೋ.

ಸಬ್ಸಿಡಿಯಿಂದ ಶುರು ಮಾಡೋಣ. ಯಜ್ಞನಾರಾಯಣನಿಗೆ ಕಾರಿಲ್ಲ, ಬೈಕಿಲ್ಲ. ಎಲ್‌ಆರ್‌ಟಿ ರೈಲಿನಲ್ಲಿ ನಿಂತುಕೊಂಡು ಬರುತ್ತಿದ್ದ, ಹಲ್ವ ಮಾಡುವ ಉರುಳಿ ಪಾತ್ರೆ ಹಿಡಿದುಕೊಂಡು. ಕೆಂಪು ಚೀಟಿಯವರಾದ ನಾವು ಬಂಕಿನಲ್ಲಿ ಪೂರ್ತಿ ದರ ಕೊಟ್ಟೇ ಪೆಟ್ರೋಲು ಹಾಕಿಸುತ್ತೇವೆ, ಅದಕ್ಕಾಗಿ ಯಾವತ್ತೂ ಗೊಣಗಿಲ್ಲ, ದೇಶ ನಿಮ್ಮದು. ಆದರೆ ಅಂದು ನಮ್ಮ ಗೇಟಿನ ಮುಂದೆ ನಿಮ್ಮ ಮೂರು ಕಾರುಗಳು ಒಂದೂವರೆ ಗಂಟೆ ಎಂಜಿನ್ ಆರಿಸದೆ ನಿಂತಿದ್ದವು. ಯಾಕೆ ಎಂದು ದಾವೂದ್ ಕೇಳಿದ್ದಕ್ಕೆ ನಿಮ್ಮ ಡ್ರೈವರ್ ಹೇಳಿದ್ದೇನು ಗೊತ್ತೇ? "ಅಂಕಲ್, ವೈಬಿ ಹತ್ತುವಾಗ ಸೀಟು ತಣ್ಣಗಿರಬೇಕು ಲಾ." ಗೌರವಾನ್ವಿತರು ಎಂಬ ಅರ್ಥದಲ್ಲಿ ಇಲ್ಲಿ ನಿಮ್ಮನ್ನು ವೈಬಿ ಎನ್ನುತ್ತಾರೆ. ಆ ಗೌರವಾನ್ವಿತ ಆಸನವನ್ನು ತಣ್ಣಗಿಡಲು ಆ ಮಧ್ಯಾಹ್ನ ಉರಿದ ಸಬ್ಸಿಡಿ ಪೆಟ್ರೋಲು, ಒಂಬತ್ತು ವರ್ಷದಲ್ಲಿ ಯಜ್ಞನಾರಾಯಣ ಉರಿಸಿದ್ದಕ್ಕಿಂತ ಹೆಚ್ಚು. ಯಾಕೆಂದರೆ ಅವನು ಉರಿಸಿದ್ದು ಸೊನ್ನೆ.

ತೆರಿಗೆ? ಅವನ ಹೆಸರಿನಲ್ಲಿ ವರ್ಷ ವರ್ಷವೂ ಸರ್ಕಾರಕ್ಕೆ ವಿದೇಶಿ ಕೆಲಸಗಾರರ ಲೆವಿ ಸಂದಿದೆ. ಸೋಪಿನಿಂದ ಫೋನಿನ ಕರೆನ್ಸಿಯ ತನಕ ಕೊಂಡದ್ದಕ್ಕೆಲ್ಲ ತೆರಿಗೆ ಕೊಟ್ಟಿದ್ದಾನೆ. ನೀವು ಓಡಿಹೋಗುತ್ತಾರೆ ಎಂದು ಮರುಗುವ ಶ್ರೀಮಂತರನ್ನು ತಡೆಯಲು ಮೃದುವಾದ ಮಾತು. ತಾನಾಗಿ ಬಂದು ನಿಲ್ಲುತ್ತೇನೆ ಎಂದವನನ್ನು ಹಿಡಿಯಲು ಹನ್ನೆರಡು ಜನ. ಓಡುವವರಿಗೆ ಹಾಸಿಗೆ, ನಿಂತವರಿಗೆ ಕೋಳ. ಇದಕ್ಕೆ ಸಂಪ್ರದಾಯವಾದ ಎನ್ನುತ್ತಾರಂತೆ. ಯಾವ ಮನೆಯ ಸಂಪ್ರದಾಯ ಇದು ಎಂದು ಕೇಳಬಹುದೇ? ನನಗೆ ಗೊತ್ತಿರುವ ಸಂಪ್ರದಾಯದಲ್ಲಿ ಉಪ್ಪು ತಿಂದವರು ಕನಿಷ್ಠ ನೀರು ಕುಡಿಯುವ ತನಕವಾದರೂ ಕಾಯುತ್ತಾರೆ.

ಭಾಷಣ ಮುಗಿದು ಎರಡು ದಿನಕ್ಕೆ, ಬೆಳಗ್ಗೆ ಆರೂವರೆಗೆ, ಅಧಿಕಾರಿಗಳು ಬಂದರು. ಅವರ ಮೇಲೆ ನನ್ನ ದೂರಿಲ್ಲ. ಬಾಗಿಲು ತಟ್ಟಿದರು, ಚಪ್ಪಲಿ ಹಾಕಿಕೊಳ್ಳಲು ಬಿಟ್ಟರು. ಅವರಿಗೆ ಕೊಟ್ಟ ಕೆಲಸ ಅವರು ಮಾಡಿದರು. ಅದೇ ದಿನ ನೀವು ವಿಡಿಯೊ ಹಾಕಿದಿರಿ: "ಜವಾಬ್ದಾರಿಯುತ ಸಾರ್ವಜನಿಕರೊಬ್ಬರ ನಿಖರ ಮಾಹಿತಿಯಿಂದ ಈ ಕಾರ್ಯಾಚರಣೆ ಯಶಸ್ವಿಯಾಯಿತು." ಆ ಸಾರ್ವಜನಿಕರು ಯಾರೆಂದು ನನಗೆ ಕೂಡಲೇ ಹೊಳೆಯಲಿಲ್ಲ. ಇಲ್ಮಾ ಕೇಳಿದಳು. ಆ ಹುಡುಗಿಗೆ ಕನ್ನಡ ತಿಳಿಯುತ್ತದೆ, ಉತ್ತರಿಸುವುದು ಇಂಗ್ಲಿಷಿನಲ್ಲಿ. ವಿಡಿಯೊ ನೋಡಿ, ನನ್ನ ಮುಖ ನೋಡಿ, ಮೆಲ್ಲಗೆ, "ದಾದಿ, ಯೂ ಗೇವ್ ಹಿಮ್ ದ ಅಡ್ರೆಸ್?" ಎಂದಳು.

ಇಲ್ಲ, ನನ್ನ ಕಾಗದದಿಂದ ಆಗಿರಲಾರದು ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಮೂರನೇ ದಿನ ಸೀರೆ ಅಂಗಡಿಯ ಜೀವನ್ ಮನೆಗೆ ಬಂದ. ಹುಬ್ಬಳ್ಳಿಯವನು. ಬಾಡಿಗೆ ಕೇಳದೆ ಆ ಕೋಣೆ ಕೊಟ್ಟವನು ಅವನೇ. ಮುಖ ಬಾಡಿಹೋಗಿತ್ತು.

"ಅಮ್ಮಾರ, ಭಟ್ರು ನನ್ನ ಮ್ಯಾಲೆ ಸಂಶಯ ಮಾಡಾಕತ್ತಾರ. ನಾನಽ ಹೇಳಿಕೊಟ್ಟೇನಂತ. ನೋಡಾಕ ಹೋದ್ರ ಮಾರಿ ತಿರುಗಿಸಿದ್ರು. ಬಂದವರು 'ಭಟ್ ಯಾರು' ಅಂತ ಕೇಳಿದ್ರಂತ. ಅವರ ಪಾಸ್‌ಪೋರ್ಟಿನ್ಯಾಗ ಭಟ್ ಅಂತ ಇಲ್ಲಽ ಇಲ್ಲ. ಹಂಗ ಕರಿಯೋರು ನಾವು ಕನ್ನಡದವರು ಅಷ್ಟಽ."

ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟೆ.

"ಇನ್ನೊಂದು ಮಾತ್ರಿ ಅಮ್ಮಾರ. ಅವರು ನನ್ನ ಹತ್ರ ಬಂದು 'ನೀಲಿ ಡ್ರಮ್ ಎಲ್ಲೈತಿ' ಅಂತ ಕೇಳಿದ್ರು. ಆ ಡ್ರಮ್ ತೂತು ಬಿದ್ದಿತ್ತಂತ ನಿಮ್ಮನಿ ಊಟದ ಮರುದಿನಾನ ನಾನಽ ಗುಜರಿಗೆ ಹಾಕೇನಿ. ನಾ ಹೇಳಿಕೊಡೋದಿದ್ರ ಇಲ್ಲದ ಡ್ರಮ್ಮಿನ ಗುರ್ತಾ ಯಾಕ ಹೇಳ್ಲಿ?"

ಮಾನ್ಯರೇ, ಡ್ರಮ್ ಗುಜರಿಗೆ ಹೋದದ್ದು ತಿಳಿಯದೆ ಇದ್ದದ್ದು ನನ್ನ ಕಾಗದಕ್ಕೆ ಮಾತ್ರ. ಭಟ್ ಎಂದು ಬರೆದದ್ದೂ ಅದರಲ್ಲಿ ಮಾತ್ರ. ಬೆಳಗ್ಗೆ ಏಳರ ಒಳಗೆ ಎಂದು ಸಮಯ ಕೊಟ್ಟದ್ದೂ ನಾನೇ.

ನಿಮ್ಮ ಕಚೇರಿಗೆ ಹೋದೆವು. ನಿಮ್ಮ ಸಹಾಯಕರು, ಅಂದು ಎರಡು ಡಬ್ಬಿ ಕಟ್ಟಿಸಿಕೊಂಡವರೇ, ನನಗೆ ನೀರು ಕೊಟ್ಟು ಕೂರಿಸಿ ಹೇಳಿದರು: "ಆಂಟಿ, ಮನವಿ ಯಾವುದೂ ಬಂದಿಲ್ಲ. ನೀವು ಕೊಟ್ಟದ್ದು ಹಬ್ಬದ ಲಕೋಟೆ ಅಲ್ವಾ? ಫೋಟೋದಲ್ಲಿ ಕಾಣುತ್ತೆ, ಹಸಿರು." ಹೌದು, ಫೋಟೋದಲ್ಲಿ ಕಾಣುತ್ತದೆ. ನಿಮ್ಮ ಪುಟದಲ್ಲಿತ್ತು, ಈಗ ಅಳಿಸಿದ್ದೀರಿ, ಇಲ್ಮಾಳ ಫೋನಿನಲ್ಲಿ ಉಳಿದಿದೆ. ನೀವು ನಗುತ್ತಿದ್ದೀರಿ, ಕೈಯಲ್ಲಿ ಲಕೋಟೆ.

ಹಾಗಾದರೆ ಹೇಳಿ. ಅದು ಹಬ್ಬದ ಲಕೋಟೆಯಾಗಿದ್ದರೆ ಅದರಲ್ಲಿದ್ದದ್ದು ಹಣ. ಕಷ್ಟ ಹೇಳಿಕೊಂಡ ಮುದುಕಿಯಿಂದ ಒಬ್ಬ ಸಂಸತ್ ಸದಸ್ಯರು ಲಕೋಟೆಯಲ್ಲಿ ಹಣ ತೆಗೆದುಕೊಂಡರು, ಫೋಟೋಕ್ಕೆ ನಗುತ್ತಾ ತೆಗೆದುಕೊಂಡರು. ಅದನ್ನು ಎಲ್ಲಿ ಘೋಷಿಸಿದ್ದೀರಿ? ತೆರಿಗೆ ಕಟ್ಟಿದಿರಾ, ದೇಶಪ್ರೇಮದಿಂದ? ಮನವಿಯಾಗಿದ್ದರೆ ಅದು ಈಗ ಎಲ್ಲಿದೆ? ತೆರೆದೇ ನೋಡಲಿಲ್ಲ ಎನ್ನುವ ದಾರಿಯೂ ಇದೆ, ಬಹುಶಃ ನಿಮ್ಮ ವಕೀಲರು ಅದನ್ನೇ ಸೂಚಿಸುತ್ತಾರೆ. ತೆರೆಯದ ಲಕೋಟೆಯಿಂದ ಭಟ್ಟರೂ ಡ್ರಮ್ಮೂ ಹೊರಗೆ ಬಂದದ್ದು ಹೇಗೆ ಎಂದು ಅವರನ್ನೇ ಕೇಳಿ ನನಗೂ ತಿಳಿಸಿ. ಪವಾಡಗಳನ್ನು ನಾನು ನಂಬುತ್ತೇನೆ. ಆದರೆ ನಿಮ್ಮ ಕಚೇರಿಯಲ್ಲಿ ಆಗುವ ಪವಾಡಗಳನ್ನಲ್ಲ.

ನಮ್ಮ ಬಳಗದ ಕಾರ್ಯದರ್ಶಿ ಗಂಗಾಧರ ನನಗೆ ಒಳ್ಳೆಯ ಮಾತಿನಲ್ಲೇ ಹೇಳಿದರು, "ಆಂಟಿ, ರೂಲ್ಸ್ ಅಂದ್ರೆ ರೂಲ್ಸ್. ನಮ್ಮೆಲ್ಲರ ಪಾಸೂ ರಿನ್ಯೂ ಆಗ್ಬೇಕು. ಸುಮ್ನೆ ದೊಡ್ಡವರನ್ನ ಎದುರು ಹಾಕ್ಕೋಬೇಡಿ." ಗಂಗಾಧರ, ನಿಮ್ಮ ಪಾಸು ಕಂಪನಿಯ ಎಚ್‌ಆರ್ ಡ್ರಾಯರಿನಲ್ಲಿದೆ. ಯಜ್ಞನಾರಾಯಣನದೂ ಒಬ್ಬ ಮಾಲೀಕನ ಡ್ರಾಯರಿನಲ್ಲೇ ಇತ್ತು. ಇಬ್ಬರಿಗೂ ಇರುವ ವ್ಯತ್ಯಾಸ ಒಂದು ಡ್ರಾಯರು, ಅಷ್ಟೇ. ನೀವು ಎದೆಯುಬ್ಬಿಸುವಷ್ಟು ದೊಡ್ಡದಲ್ಲ ಅದು.

ಹೋದ ಮಂಗಳವಾರ ನಾನೇ ಯಜ್ಞನಾರಾಯಣನನ್ನು ನೋಡಲು ಹೋದೆ. ನಡುವೆ ಗಾಜು, ಮಾತಿಗೆ ಫೋನು. ಸೊರಗಿದ್ದಾನೆ. ನನ್ನನ್ನು ಕಂಡು ನಕ್ಕ. "ಜೀವನ್ ಹೀಗೆ ಮಾಡಿದ್ದು ಸರಿಯಾ ಅಮ್ಮ?" ಎಂದ. ಆಗ ಹೇಳಿದೆ, ಜೀವನ್ ಅಲ್ಲಪ್ಪ, ನಾನು. ಅರ್ಜಿ ಬರೆದದ್ದು, ಅದರಲ್ಲಿ ಏನೇನಿತ್ತು, ಯಾರ ಕೈಗೆ ಕೊಟ್ಟೆ, ಎಲ್ಲ ಹೇಳಿದೆ.

"ಜೀವನ್‌ಗೆ ಹೇಳಿ, ನಾನು ಬೈದದ್ದು ತಪ್ಪು ಅಂತ" ಎಂದ. ಮತ್ತೆ, "ನೀವು ಒಳ್ಳೇದಕ್ಕೇ ಬರ್ದದ್ದು, ಗೊತ್ತುಂಟು."

ನನ್ನ ಎದೆ ಹಗುರಾಗುವಷ್ಟರಲ್ಲಿ ಅವನು ಇನ್ನೊಂದು ಮಾತು ಸೇರಿಸಿದ: "ಇನ್ನು ನೀವು ಬರುದು ಬೇಡ ಅಮ್ಮ." ಫೋನು ಇಟ್ಟ. ನಾನು ತಂದಿದ್ದ ಬಟ್ಟೆಯ ಚೀಲವನ್ನು ಕಾವಲುಗಾರರು ಹಿಂದಿರುಗಿಸಿದರು. ಅವನು ಬೇಡವೆಂದನಂತೆ.

ಅದು ಅವನ ಹಕ್ಕು. ಅವನ ಮುಂದೆ ನಾನು ಏನನ್ನೂ ಕೇಳಲಾರೆ. ನಿಮ್ಮ ಮುಂದೆ ಕೇಳಬಲ್ಲೆ.

ಬರುವ ಗುರುವಾರ ಅವನನ್ನು ನ್ಯಾಯಾಲಯಕ್ಕೆ ತರುತ್ತಾರೆ. ಸಿಕ್ಕಿಬೀಳುವ ಮೊದಲೇ ಇವನು ತಾನಾಗಿ ಮುಂದೆ ಬಂದಿದ್ದ ಎಂಬುದಕ್ಕೆ ಒಂದು ಕಾಗದ ಸಿಕ್ಕರೆ ಜೈಲನ್ನೂ ಕಪ್ಪುಪಟ್ಟಿಯನ್ನೂ ತಪ್ಪಿಸಲು ವಾದಿಸಬಹುದು ಎಂದು ವಕೀಲರು ಹೇಳಿದ್ದಾರೆ. ನನ್ನ ಅರ್ಜಿ ಸಿಕ್ಕರೆ ಅದನ್ನೇ ಕಳಿಸಿ. ಹರಿದು ಹಾಕಿದ್ದರೆ ನಿಮ್ಮ ಕಚೇರಿಯ ತಲೆಬರಹದ ಮೇಲೆ ಒಂದೇ ಸಾಲು ಬರೆದು ಸೀಲು ಒತ್ತಿ: ಇಂಥ ದಿನ, ಇಂಥ ಮನೆಯಲ್ಲಿ, ಈ ವ್ಯಕ್ತಿ ಕಾನೂನಿಗೆ ಶರಣಾಗಲು ಸಿದ್ಧನೆಂಬ ಮನವಿ ನನಗೆ ತಲುಪಿತ್ತು. ಅದರಾಚೆ ಏನೂ ಬೇಡ. ಕ್ಷಮೆ ಕೇಳಬೇಡಿ, ಕರುಣೆ ದೌರ್ಬಲ್ಯವೆಂದು ನೀವೇ ಹೇಳಿದ್ದೀರಿ, ನಿಮ್ಮನ್ನು ದುರ್ಬಲರನ್ನಾಗಿ ಮಾಡುವ ಆಸೆ ನನಗಿಲ್ಲ. ಸತ್ಯವನ್ನು ಹೇಳಿದರೆ ಸಾಕು. ಅದು ಬರದಿದ್ದರೆ ಆ ಫೋಟೋವನ್ನು ವಕೀಲರು ನ್ಯಾಯಾಧೀಶರ ಮೇಜಿನ ಮೇಲೆ ಇಡುತ್ತಾರೆ, ಲಕೋಟೆಯಲ್ಲಿ ಏನಿತ್ತೆಂದು ಪ್ರಮಾಣ ಮಾಡಿ ಹೇಳಲು ನಾನು ಸಾಕ್ಷಿಕಟ್ಟೆ ಹತ್ತುತ್ತೇನೆ. ಪರವಾನಗಿ ಮುಗಿದವನಿಗೆ ಒಲೆ ಕೊಟ್ಟದ್ದಕ್ಕೆ ನನ್ನ ಮೇಲೂ ಕಾನೂನಿದೆಯಂತೆ. ಇರಲಿ. ನನ್ನ ವಿಳಾಸವನ್ನು ಹುಡುಕಲು ನಿಮಗೆ ಯಾರ ಮನವಿಯೂ ಬೇಕಾಗಿಲ್ಲ. ಉಂಡು ಹೋದ ಮನೆ.

ಇಂತಿ,
ಒಬ್ಬನಿಗೆ ಉಪಕಾರ ಮಾಡಲು ಹೋಗಿ, ಅವನ ಮುಖ ನೋಡುವ ಯೋಗ್ಯತೆ ಕಳೆದುಕೊಂಡ
ಫಹ್ಮೀದಾ ದಾವೂದ್
ಪೆಟಾಲಿಂಗ್ ಜಯಾ